ಶ್ವಂಕೆನ್ ಅಂದ್ರೆ ಇಂಗ್ಲಿಷಲ್ಲಿ ಏನು? ಮೊದಲು ಅಲ್ಲಾಡ್ತಿರೋದು ಯಾರು ಹೇಳಿ

ಜರ್ಮನ್ ಕಲಿಯೋಕೆ ಹೊರಟವರಿಗೆಲ್ಲ ಒಂದಲ್ಲ ಒಂದು ದಿನ ಶ್ವಂಕೆನ್ ಅನ್ನೋ ಕ್ರಿಯಾಪದ ಎದುರಾಗತ್ತೆ. ದಾಸ್ ಬೋಟ್ ಶ್ವಂಕ್ಟ್ ಅಂದ್ರೆ ದೋಣಿ ಹೊಯ್ದಾಡ್ತಿದೆ. ಡೇರ್ ಪ್ರೈಸ್ ಶ್ವಂಕ್ಟ್ ಅಂದ್ರೆ ರೇಟು ಒಂದು ಕಡೆ ನಿಲ್ತಿಲ್ಲ. ಇಶ್ ಶ್ವಂಕೆ ನೊಖ್ ಅಂದ್ರೆ ನಾನಿನ್ನೂ ಇದಾ ಅದಾ ಅಂತ ತೀರ್ಮಾನ ಮಾಡಿಲ್ಲ. ಏರ್ ಇಸ್ಟ್ ಯೂಬರ್ ಡೀ ಶ್ಟ್ರಾಸೆ ಗೆಶ್ವಂಕ್ಟ್ ಅಂದ್ರೆ ಅವನು ತೂರಾಡ್ಕೊಂಡು ರಸ್ತೆ ದಾಟಿದ. ನಾಲ್ಕಕ್ಕೂ ಒಂದೇ ಪದ. ಇಂಗ್ಲಿಷಿಗೆ ತರೋಕೆ ಹೋದ್ರೆ ದೋಣಿಗೆ ರಾಕ್, ರೇಟಿಗೆ ಫ್ಲಕ್ಚುಯೇಟ್, ಮನಸ್ಸಿಗೆ ಇನ್ ಟೂ ಮೈಂಡ್ಸ್, ಕುಡುಕನಿಗೆ ಸ್ಟ್ಯಾಗರ್. ಒಂದಕ್ಕೆ ಹಾಕಿದ್ದನ್ನ ಇನ್ನೊಂದಕ್ಕೆ ಹಾಕಂಗಿಲ್ಲ, ಹಾಕಿದ್ರೆ ದೋಣಿ ಫ್ಲಕ್ಚುಯೇಟ್ ಆಗತ್ತೆ, ಓದೋರು ನಗ್ತಾರೆ.

ಡಿಕ್ಷನರಿ ತೆಗೆದ್ರೆ ಇಷ್ಟೇ ಅಲ್ಲ, ಸ್ವೇ, ರೋಲ್, ಟಾಟರ್, ರೀಲ್, ವೇವರ್, ವ್ಯಾಸಿಲೇಟ್, ಹೆಸಿಟೇಟ್, ವೇರಿ, ರೇಂಜ್, ಆಸಿಲೇಟ್ ಅಂತ ಒಂದು ಮೈಲುದ್ದದ ಪಟ್ಟಿ ಕೊಟ್ಟಿರತ್ತೆ. ಪಟ್ಟೀಲಿ ಮೊದಲು ಬಂದಿದ್ದನ್ನ ಎತ್ಕೊಂಡು ಹೋಗೋದು ನಮ್ಮ ಅಭ್ಯಾಸ. ನಮಗೆ ಇನ್ನೊಂದು ತೊಡಕೂ ಇದೆ, ಬೆಂಗಳೂರಲ್ಲಿ ಜರ್ಮನ್ ಕಲಿಯೋರು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗೋರಿರಲಿ, ಮೊಬೈಲ್ ಆಪಲ್ಲಿ ಕಲಿಯೋರಿರಲಿ, ಹೆಚ್ಚಿನವರು ಅರ್ಥ ಬರ್ಕೊಳ್ಳೋದು ಇಂಗ್ಲಿಷಲ್ಲಿ, ಹಾಗಾಗಿ ಶ್ವಂಕೆನ್ ಪಕ್ಕ ಫ್ಲಕ್ಚುಯೇಟ್ ಅಂತ ಒಂದು ಪದ ಬರೆದು ಮುಂದಿನ ಪುಟಕ್ಕೆ ಹೋಗ್ಬಿಡ್ತಾರೆ, ಆಮೇಲೆ ಜರ್ಮನ್ ಪೇಪರ್ ಓದೋವಾಗ ಒಂದು ಮರ, ಒಂದು ಸೇತುವೆ, ಒಬ್ಬ ಮಂತ್ರಿ ಎಲ್ಲಾ ಶ್ವಂಕೆನ್ ಆಗ್ತಿರೋದು ನೋಡಿ ಕಂಗಾಲಾಗ್ತಾರೆ.

ಇಂಗ್ಲಿಷಿಗೆ ಯಾಕೆ ಇಷ್ಟೊಂದು ಪದ ಬೇಕಾಯ್ತು ಅನ್ನೋದರಲ್ಲಿ ಸ್ವಲ್ಪ ಚರಿತ್ರೆ ಇದೆ. ಶ್ವಂಕೆನ್ ಹುಟ್ಟಿದ್ದು ಶ್ವಿಂಗೆನ್, ಶ್ವೆಂಕೆನ್ ಇರೋ ಮನೇಲೇ. ಇಂಗ್ಲಿಷಿನ ಸ್ವಿಂಗ್ ಕೂಡ ಅದೇ ಬಳಗ. ಶ್ವೆಂಕೆನ್ ಅಂದ್ರೆ ಬೀಸೋದು, ಬಾವುಟ ಬೀಸ್ತಾರಲ್ಲ ಆ ಥರ. ಜರ್ಮನಿಯ ಸಾರ್‌ಲ್ಯಾಂಡ್ ಕಡೆ ಮೂರು ಕಾಲಿನ ಸ್ಟ್ಯಾಂಡಿಗೆ ಜಾಲರಿ ನೇತು ಹಾಕಿ ಬೆಂಕಿ ಮೇಲೆ ಆಚೆ ಈಚೆ ತೂಗಿಸ್ತಾ ಮಾಂಸ ಸುಡ್ತಾರೆ, ಆ ಮಾಂಸಕ್ಕೂ ಶ್ವೆಂಕರ್ ಅಂತಾರೆ, ಆ ಜಾಲರಿಗೂ ಶ್ವೆಂಕರ್, ನಿಂತ್ಕೊಂಡು ಸುಡೋ ಮನುಷ್ಯನಿಗೂ ಶ್ವೆಂಕರ್. ಅಲ್ಲೂ ಅದೇ ಬುದ್ಧಿ, ಒಂದು ಪದ ಸಿಕ್ರೆ ಅದರಲ್ಲೇ ಎಲ್ಲ ಮುಗಿಸೋದು. ಇಂಗ್ಲಿಷ್ ಹಾಗೆ ಮಾಡಲಿಲ್ಲ. ಅದಕ್ಕೆ ಸ್ಟ್ಯಾಗರ್, ವೇವರ್ ಥರದ ಪದಗಳು ಬಂದಿದ್ದು ಹಳೇ ನಾರ್ಸ್ ಭಾಷೆಯಿಂದ, ಅಂದ್ರೆ ವೈಕಿಂಗರ ಕಡೆಯಿಂದ. ಫ್ಲಕ್ಚುಯೇಟ್, ವ್ಯಾಸಿಲೇಟ್, ಆಸಿಲೇಟ್ ಬಂದಿದ್ದು ಲ್ಯಾಟಿನ್ನಿಂದ. ಫ್ಲಕ್ಟುಸ್ ಅಂದ್ರೆ ಲ್ಯಾಟಿನಲ್ಲಿ ಅಲೆ, ವಾಕಿಲ್ಲಾರೆ ಅಂದ್ರೆ ಕಾಲು ನಿಲ್ಲದೆ ವಾಲಾಡೋದು. ಅಂದ್ರೆ ಲ್ಯಾಟಿನ್ ಪದಗಳೂ ಮೂಲದಲ್ಲಿ ನೀರು, ಮೈ, ಕಾಲು ಇವುಗಳ ಬಗ್ಗೆನೇ ಇದ್ದವು. ಇಂಗ್ಲಿಷಿಗೆ ಬಂದ ಮೇಲೆ ಒಂಥರಾ ಆಸ್ತಿ ಪಾಲು ಆಗಿದೆ, ಮೈ ಕೈ ಅಲ್ಲಾಡೋದಕ್ಕೆ ಗಿಡ್ಡ ಗಿಡ್ಡ ಹಳೇ ಪದಗಳು, ಅಂಕಿ ಅಂಶ ಮನಸ್ಸು ಅಲ್ಲಾಡೋದಕ್ಕೆ ಲ್ಯಾಟಿನ್ ಪದಗಳು. ಜರ್ಮನಲ್ಲೂ ಫ್ಲಕ್ಟುಯೀರೆನ್, ಒಸ್ಸಿಲೀರೆನ್ ಅನ್ನೋ ಲ್ಯಾಟಿನ್ ಪದ ಇದಾವೆ, ಆದ್ರೆ ಅವು ಲ್ಯಾಬು ಟೆಕ್ಸ್ಟ್‌ಬುಕ್ ಬಿಟ್ಟು ಆಚೆ ಬರೋದು ಕಮ್ಮಿ. ಮಾರ್ಕೆಟ್ಟಲ್ಲಿ ರೇಟಿನ ಬಗ್ಗೆ ಮಾತಾಡೋ ಸಾಮಾನ್ಯ ಜರ್ಮನ್ ಶ್ವಂಕೆನ್ನೇ ಅಂತಾನೆ.

ಹಾಗಾಗಿ ಅನುವಾದ ಮಾಡೋರು ಕೇಳ್ಕೋಬೇಕಾದ ಮೊದಲ ಪ್ರಶ್ನೆ, ಅಲ್ಲಾಡ್ತಿರೋದು ಯಾರು ಅಥವಾ ಏನು. ಮರ, ಗೋಪುರ, ಸೇತುವೆ ಆದ್ರೆ ಸ್ವೇ. ಲಂಡನ್ನಿನ ಮಿಲೇನಿಯಂ ಬ್ರಿಡ್ಜ್ 2000ದ ಜೂನಲ್ಲಿ ಓಪನ್ ಆಗಿ, ಜನ ನಡೆದಾಡಿದ್ದಕ್ಕೆ ಅಡ್ಡಡ್ಡ ಅಲ್ಲಾಡಿ, ಎರಡೇ ದಿನಕ್ಕೆ ಮುಚ್ಚಿದ್ರಲ್ಲ, ಅದಕ್ಕೆ ಊರವರು ಇಟ್ಟ ಹೆಸರು ವಾಬ್ಲಿ ಬ್ರಿಡ್ಜ್, ಇಂಜಿನಿಯರ್‌ಗಳ ಬಾಯಲ್ಲಿ ಅದು ಸ್ವೇ. ವಾಬಲ್ ಅಂದಾಗ ಸ್ವಲ್ಪ ನಗು ಇದೆ, ಏನೋ ಸರಿಯಾಗಿ ಕೂತಿಲ್ಲ ಅನ್ನೋ ಗೇಲಿ ಇದೆ, ಸ್ವೇ ಅಂದ್ರೆ ಬರೀ ಚಲನೆ. ದೋಣಿ ಆದ್ರೆ ರಾಕ್. ಮಾತಾಡ್ತಾ ಮಾತಾಡ್ತಾ ಗಂಟಲು ನಡುಗಿದ್ರೆ ವೇವರ್ ಅಥವಾ ಫಾಲ್ಟರ್. ಮೂಡ್ ಆದ್ರೆ ಸ್ವಿಂಗ್, ಜರ್ಮನ್ನಿನ ಶ್ಟಿಮುಂಗ್ಸ್‌ಶ್ವಂಕುಂಗ್ ಇಂಗ್ಲಿಷಲ್ಲಿ ಮೂಡ್ ಸ್ವಿಂಗ್ ಆಗಿದೆ, ಇಲ್ಲಿ ಮಾತ್ರ ಇಂಗ್ಲಿಷ್ ತನ್ನ ಹಳೇ ಬಳಗದ ಪದಾನೇ ಇಟ್ಕೊಂಡಿದೆ. ಕರೆಂಟ್ ಆದ್ರೆ ಫ್ಲಕ್ಚುಯೇಷನ್, ಅದು ನಮಗೆಲ್ಲ ಬಾಯಿಪಾಠ, ವೋಲ್ಟೇಜ್ ಫ್ಲಕ್ಚುಯೇಷನ್ ಅನ್ನೋದನ್ನ ಹಳ್ಳೀಲಿ ಪಂಪ್‌ಸೆಟ್ ಇಟ್ಟಿರೋ ಯಜಮಾನ್ರೂ ಅಂತಾರೆ.

ಇಲ್ಲಿ ಒಂದು ಜಾಗ ಇದೆ, ಬಹಳ ಜನ ಜಾರೋದು ಇಲ್ಲೇ. ಎಲ್ಲೋ ಒಂದು ರೈಲು ಅಪಘಾತ ಆಗಿದೆ ಅಂದ್ಕೊಳ್ಳಿ, ಜರ್ಮನ್ ಪೇಪರಲ್ಲಿ ಡೀ ಆನ್‌ಗಾಬೆನ್ ಶ್ವಂಕೆನ್ ಅಂತ ಬರತ್ತೆ, ಆನ್‌ಗಾಬೆನ್ ಅಂದ್ರೆ ಹೇಳಿದ ಲೆಕ್ಕಗಳು, ಗಾಯಗೊಂಡವರ ಸಂಖ್ಯೆ ಬಗ್ಗೆ 20ರಿಂದ 50ರವರೆಗೆ ಅಂತ. ಇದನ್ನ ಫ್ಲಕ್ಚುಯೇಟ್ ಅಂತ ಮಾಡಿದ್ರೆ ಗಾಯಾಳುಗಳ ಸಂಖ್ಯೆ ಬೆಳಿಗ್ಗೆ ಏರಿ ಮಧ್ಯಾಹ್ನ ಇಳೀತು ಅನ್ನೋ ಹಾಗೆ ಕೇಳತ್ತೆ. ಅಲ್ಲಿ ನಿಜವಾಗಿ ಏನೂ ಅಲ್ಲಾಡ್ತಿಲ್ಲ. ಪೊಲೀಸರು ಒಂದು ಲೆಕ್ಕ ಹೇಳಿದಾರೆ, ಆಸ್ಪತ್ರೆಯವರು ಇನ್ನೊಂದು ಹೇಳಿದಾರೆ, ನೋಡಿದವರು ಮತ್ತೊಂದು ಹೇಳಿದಾರೆ, ಅಷ್ಟೆ. ಇಂಗ್ಲಿಷಲ್ಲಿ ವೇರಿ ಅಥವಾ ರೇಂಜ್ ಅಂತ ಹಾಕಬೇಕು. ಅದೇ ಜರ್ಮನಿಯ ಯಾವುದೋ ಊರಲ್ಲಿ ವಾರ ಪೂರ್ತಿ ಟೆಂಪರೇಚರ್ 10ರಿಂದ 20 ಡಿಗ್ರಿ ನಡುವೆ ಶ್ವಂಕೆನ್ ಆಯ್ತು ಅಂದ್ರೆ ಅದು ನಿಜವಾಗಿಯೂ ಕಾಲದ ಜೊತೆ ಏರಿಳಿದಿದೆ, ಅಲ್ಲಿ ಫ್ಲಕ್ಚುಯೇಟ್ ಸರಿಯಾಗಿ ಕೂರತ್ತೆ. ಜರ್ಮನ್ ಓದುಗನಿಗೆ ಈ ವ್ಯತ್ಯಾಸ ಪದದಲ್ಲಿ ಕಾಣಲ್ಲ, ಸನ್ನಿವೇಶದಿಂದ ಗೊತ್ತಾಗತ್ತೆ, ಇಂಗ್ಲಿಷಲ್ಲಿ ಬರೆಯೋನು ಮಾತ್ರ ಆರಿಸ್ಕೊಳ್ಳದೆ ಮುಂದೆ ಹೋಗೋಕಾಗಲ್ಲ.

ಮನಸ್ಸಿನ ವಿಷಯಕ್ಕೆ ಬಂದ್ರೆ ನನ್ನ ತಕರಾರು ವ್ಯಾಸಿಲೇಟ್ ಮೇಲೆ. ಡಿಕ್ಷನರಿಗಳಲ್ಲಿ ಅದು ಇದ್ದೇ ಇರತ್ತೆ, ತಪ್ಪೂ ಅಲ್ಲ, ಆದ್ರೆ ಇಂಗ್ಲಿಷಲ್ಲಿ ವ್ಯಾಸಿಲೇಟ್ ಅನ್ನೋದು ಬೇರೆಯವರನ್ನ ಬೈಯೋ ಪದ, ಸರ್ಕಾರ ವ್ಯಾಸಿಲೇಟ್ ಮಾಡ್ತಿದೆ ಅಂತ ಸಂಪಾದಕೀಯದಲ್ಲಿ ಬರೀತಾರೆ. ಹೋಟೆಲಲ್ಲಿ ಕೂತು ಮೆನು ನೋಡ್ತಾ ಜರ್ಮನ್ ಹುಡುಗಿ ಇಶ್ ಶ್ವಂಕೆ ನೊಖ್ ಅಂದ್ರೆ ಅವಳು ತನ್ನನ್ನ ತಾನು ಬೈಕೊಳ್ತಿಲ್ಲ, ಪಿಜ್ಜಾನಾ ಪಾಸ್ತಾನಾ ಅಂತ ನೋಡ್ತಿದಾಳೆ. ಅದಕ್ಕೆ ಐ ಕಾಂಟ್ ಡಿಸೈಡ್ ಸಾಕು, ಐ ಆಮ್ ಟಾರ್ನ್ ಕೂಡ ಆಗತ್ತೆ. ಕನ್ನಡದಲ್ಲಿ ಇದಕ್ಕೆ ಸುತ್ತಿ ಬಳಸೋದೇ ಬೇಡ, ಮನಸ್ಸು ಹೊಯ್ದಾಡ್ತಿದೆ ಅಂತೀವಲ್ಲ. ದೋಣಿಗೂ ಹೊಯ್ದಾಟ, ಮನಸ್ಸಿಗೂ ಹೊಯ್ದಾಟ, ಷೇರುಪೇಟೆಗೂ ಹೊಯ್ದಾಟ. ಶ್ವಂಕೆನ್‌ಗೆ ಇಂಗ್ಲಿಷಲ್ಲಿ ಸಿಗದ ಜೋಡಿ ಕನ್ನಡದಲ್ಲಿ ಹೆಚ್ಚುಕಮ್ಮಿ ಸಿದ್ಧವಾಗೇ ಇದೆ, ನಾವು ಅದನ್ನ ಬಿಟ್ಟು ಇಂಗ್ಲಿಷ್ ಸುತ್ತಿ ಬರ್ತೀವಿ. ಹೆಚ್ಚುಕಮ್ಮಿ ಅಂದಿದ್ದು ಯಾಕಂದ್ರೆ ಗಾಳಿಗೆ ದೀಪದ ಕುಡಿ ಹೊಯ್ದಾಡೋದಕ್ಕೆ ಜರ್ಮನ್ನರು ಶ್ವಂಕೆನ್ ಅನ್ನಲ್ಲ, ಅದಕ್ಕೆ ಫ್ಲಕ್ಕರ್ನ್ ಅಂತ ಬೇರೆ ಇದೆ.

ಎರಡನೇ ಪ್ರಶ್ನೆ, ನಿಂತಲ್ಲೇ ಅಲ್ಲಾಡ್ತಿದಾನಾ, ಇಲ್ಲ ಅಲ್ಲಾಡ್ಕೊಂಡು ಮುಂದೆ ಹೋಗ್ತಿದಾನಾ. ಇದಕ್ಕೆ ಜರ್ಮನ್ ವ್ಯಾಕರಣನೇ ಉತ್ತರ ಕೊಟ್ಬಿಡತ್ತೆ, ಆ ಭಾಷೆಯಲ್ಲಿ ನಂಗೆ ತುಂಬಾ ಇಷ್ಟ ಆದ ಜಾಗಗಳಲ್ಲಿ ಇದೂ ಒಂದು. ಆಗಿಹೋದ ಕೆಲಸ ಹೇಳೋಕೆ ಜರ್ಮನಲ್ಲಿ ಎರಡು ಸಹಾಯಕ ಕ್ರಿಯಾಪದ ಇದಾವೆ, ಹಾಬೆನ್ ಮತ್ತು ಸೈನ್. ಸಾಮಾನ್ಯವಾಗಿ ಎಲ್ಲದಕ್ಕೂ ಹಾಬೆನ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋ ಕ್ರಿಯೆಗಳಿಗೆ ಸೈನ್. ಶ್ವಂಕೆನ್ ಎರಡೂ ತಗೊಳ್ಳತ್ತೆ. ಏರ್ ಹಾಟ್ ಗೆಶ್ವಂಕ್ಟ್ ಅಂದ್ರೆ ನಿಂತಲ್ಲೇ ವಾಲಾಡಿದ, ಅಥವಾ ಮನಸ್ಸಲ್ಲಿ ಹೊಯ್ದಾಡಿದ. ಏರ್ ಇಸ್ಟ್ ಅಂತ ಶುರುವಾಗಿ ಒಂದು ಜಾಗದ ಹೆಸರು ಬಂದು ಗೆಶ್ವಂಕ್ಟ್ ಅಂತ ಮುಗಿದ್ರೆ ಅವನು ತೂರಾಡ್ತಾ ಅಲ್ಲಿವರೆಗೆ ಹೋಗಿದಾನೆ. ಹಾಟ್ ಇದ್ರೆ ಇಂಗ್ಲಿಷಲ್ಲಿ ಸ್ವೇ, ವೇವರ್, ಫ್ಲಕ್ಚುಯೇಟ್, ವೇರಿ ಇವುಗಳಲ್ಲಿ ಹುಡುಕಿ. ಇಸ್ಟ್ ಇದ್ರೆ ಸ್ಟ್ಯಾಗರ್, ಟಾಟರ್, ಲರ್ಚ್, ರೀಲ್ ಕಡೆ ಹೋಗಿ. ರೇಟು, ಮೂಡು, ವೋಲ್ಟೇಜು ಯಾವತ್ತೂ ಇಸ್ಟ್ ತಗೊಳ್ಳಲ್ಲ, ಅವು ಎಷ್ಟು ಅಲ್ಲಾಡಿದ್ರೂ ನಡ್ಕೊಂಡು ಎಲ್ಲಿಗೂ ಹೋಗಲ್ಲವಲ್ಲ. ಅಂದ್ರೆ ಎರಡಕ್ಷರದ ಸಹಾಯಕ ಪದ ನೋಡಿದ್ರೆ ಡಿಕ್ಷನರಿಯ ಅರ್ಧ ಪಟ್ಟಿ ಹೊಡೆದುಹಾಕಬಹುದು.

ಅಂದ ಹಾಗೆ ಶ್ವಂಗರ್ ಅಂದ್ರೆ ಗರ್ಭಿಣಿ. ಕೇಳೋಕೆ ಹತ್ತಿರ ಇದೆ, ಸಂಬಂಧ ಇಲ್ಲ, ಆ ಪದ ಬಂದಿದ್ದು ಭಾರ, ನಿಧಾನ ಅನ್ನೋ ಅರ್ಥದ ಹಳೇ ಪದದಿಂದ. ಶ್ವಂಕೆಂಡ್ ಅನ್ನೋ ಕಡೆ ಬಾಯಿ ತಪ್ಪಿ ಶ್ವಂಗರ್ ಅಂದ್ಬಿಟ್ರೆ ಎದುರಿಗಿದ್ದವರು ಅಭಿನಂದನೆ ಹೇಳ್ತಾರೆ.

ಮೂರನೇ ಪ್ರಶ್ನೆ ಬೀಳ್ತಾನಾ ಇಲ್ವಾ ಅಂತ. ಇದಕ್ಕೆ ಶ್ವಂಕೆನ್ನಿನ ಅಕ್ಕಪಕ್ಕದವರನ್ನ ನೋಡ್ಬೇಕು. ವಕ್ಕೆಲ್ನ್ ಅಂದ್ರೆ ಸಡಿಲ ಇದ್ದು ಅಲ್ಲಾಡೋದು, ಬೀಳೋ ಹಂತದ ಹಲ್ಲು, ಒಂದು ಕಾಲು ಗಿಡ್ಡ ಇರೋ ಟೇಬಲ್ಲು. ಪ್ಲಗ್ ಲೂಸ್ ಆಗಿ ಲೈಟು ಬಂದು ಹೋಗಿ ಮಾಡಿದ್ರೆ ನಾವು ಲೂಸ್ ಕಾಂಟ್ಯಾಕ್ಟ್ ಅಂತೀವಲ್ಲ, ಅದು ವಕ್ಕೆಲ್‌ಕಾಂಟಾಕ್ಟ್. ಕಾರಿನ ಹಿಂದೆ ಇಟ್ಟಿರೋ ತಲೆ ಆಡಿಸೋ ನಾಯಿ ಬೊಂಬೆ ವಕ್ಕೆಲ್‌ಡಕ್ಕೆಲ್, ತಟ್ಟೇಲಿ ಅಲುಗಾಡೋ ಜೆಲ್ಲಿ ವಕ್ಕೆಲ್‌ಪುಡ್ಡಿಂಗ್. ಇಂಗ್ಲಿಷಲ್ಲಿ ವಾಬಲ್, ಜಿಗಲ್, ಶೇಕ್. ಟೌಮೆಲ್ನ್ ಅಂದ್ರೆ ತಲೆಗೆ ಏಟು ಬಿದ್ದವನ ಥರ, ಜ್ಞಾನ ಅರ್ಧ ಹೋದವನ ಥರ ವಾಲೋದು, ಬಾಕ್ಸರ್ ಒಬ್ಬ ಏಟು ತಿಂದು ಹಗ್ಗದ ಕಡೆ ಹೋದ ಅಂದ್ರೆ ಇದೇ ಪದ, ಇಂಗ್ಲಿಷಲ್ಲಿ ರೀಲ್. ಟಂಬಲ್ ಕೂಡ ಇದರ ಸಂಬಂಧಿನೇ. ಆದ್ರೆ ಚಿಟ್ಟೆ ಹೂವಿಂದ ಹೂವಿಗೆ ಅಡ್ಡಾದಿಡ್ಡಿ ಹಾರಿದ್ರೂ ಟೌಮೆಲ್ನ್, ಆಗ ರೀಲ್ ಅಂದ್ರೆ ಕೆಡತ್ತೆ, ಫ್ಲಟರ್ ಬೇಕು. ಟೌಮೆಲ್ ಅಂತ ನಾಮಪದ ಮಾಡಿದ್ರೆ ಸಂತೋಷದ ಉನ್ಮಾದ, ವರ್ಲ್ಡ್‌ಕಪ್ ಗೆದ್ದ ರಾತ್ರಿ ಊರು ಇರತ್ತಲ್ಲ ಅದು. ನೀರ ಮೇಲೆ ಗಿರಗಿರ ತಿರುಗೋ ಪುಟ್ಟ ಕಪ್ಪು ಹುಳ ಇದೆಯಲ್ಲ, ಅದರ ಜರ್ಮನ್ ಹೆಸರು ಟೌಮೆಲ್‌ಕೇಫರ್, ಇಂಗ್ಲಿಷಲ್ಲಿ ವರ್ಲಿಗಿಗ್ ಬೀಟಲ್.

ಟೊರ್ಕೆಲ್ನ್ ಮಾತ್ರ ಕುಡುಕರ ಸ್ವಂತ ಆಸ್ತಿ. ಲ್ಯಾಟಿನಲ್ಲಿ ಟೊರ್ಕುಲುಮ್ ಅಂದ್ರೆ ದ್ರಾಕ್ಷಿ ಹಿಂಡೋ ಯಂತ್ರ, ಕಾನ್‌ಸ್ಟಾನ್ಸ್ ಸರೋವರದ ಸುತ್ತ ಈಗಲೂ ಹಳೇ ದ್ರಾಕ್ಷಿ ಗಾಣಕ್ಕೆ ಟೊರ್ಕೆಲ್ ಅಂತಾನೇ ಹೆಸರು. ಆ ದೊಡ್ಡ ಮರದ ಯಂತ್ರ ತಿರುಗೋವಾಗ ಏರುಪೇರಾಗಿ ಅಲ್ಲಾಡತ್ತೆ, ಆ ಚಲನೆಯಿಂದ ಪದ ಬಂತು ಅಂತ ಡಿಕ್ಷನರಿಗಳು ಹೇಳ್ತವೆ. ಯಂತ್ರದಿಂದ ಇಳಿದಿದ್ದು ಹೊಟ್ಟೆಗೆ ಹೋದ ಮೇಲೂ ಅದೇ ಪದ ಉಪಯೋಗಕ್ಕೆ ಬಂತು ಅನ್ನೋದು ನನ್ನ ಸೇರಿಕೆ, ಡಿಕ್ಷನರಿಯವರದಲ್ಲ. ನಮ್ಮ ಇಂಜಿನಿಯರಿಂಗ್ ಹುಡುಗರು ದಿನಾ ಹೇಳೋ ಟಾರ್ಕ್ ಕೂಡ ಇದೇ ಲ್ಯಾಟಿನ್ ಬೇರಿಂದ ಬಂದಿದ್ದು, ತಿರುಚೋದು ಅನ್ನೋ ಅರ್ಥದಿಂದ.

ಇನ್ನು ವಂಕೆನ್. ಇದರಲ್ಲಿ ಬೀಳೋ ಭಯ ಜಾಸ್ತಿ, ಗಾಂಭೀರ್ಯನೂ ಜಾಸ್ತಿ. ಸಾಮ್ರಾಜ್ಯ, ನಂಬಿಕೆ, ಸಿಂಹಾಸನ ಇವೆಲ್ಲ ಇನ್ಸ್ ವಂಕೆನ್ ಹೋಗ್ತವೆ, ಅಂದ್ರೆ ಬುಡ ಅಲ್ಲಾಡೋಕೆ ಶುರು. ಇಂಗ್ಲಿಷಲ್ಲಿ ಟಾಟರ್ ಅಥವಾ ಫಾಲ್ಟರ್. ಇಂಜಿನ್ ಮಾಡಿದ ಫೆಲಿಕ್ಸ್ ವಂಕೆಲ್ ಹೆಸರಿಗೂ ಈ ಪದಕ್ಕೂ ಗಂಟು ಹಾಕೋರಿದಾರೆ, ಆ ರೋಟರಿ ಇಂಜಿನ್ನಿನ ಒಳಗೆ ತ್ರಿಕೋನದ ರೋಟರ್ ನಡು ತಪ್ಪಿ ವಾಲಾಡ್ತಾನೇ ತಿರುಗತ್ತೆ ಬೇರೆ, ಆದ್ರೆ ಅದು ಅವರ ಮನೆತನದ ಹೆಸರು, ಇಂಜಿನ್ನಿಗೆ ಆ ಹೆಸರು ಬಂದಿದ್ದು ಅವರಿಂದ, ಅಲ್ಲಾಟದಿಂದ ಅಲ್ಲ.

ಈ ಪದಗಳ ಬಾಲ ಗಮನಿಸಿದ್ರಾ? ವಕ್ಕೆಲ್ನ್, ಟೌಮೆಲ್ನ್, ಟೊರ್ಕೆಲ್ನ್, ಉಯ್ಯಾಲೆ ಆಡೋದಕ್ಕೆ ಶೌಕೆಲ್ನ್, ಎಲ್ಲದರ ಕೊನೇಲೂ ಎಲ್ನ್. ಮತ್ತೆ ಮತ್ತೆ ಚಿಕ್ಕದಾಗಿ ಆಗೋ ಕೆಲಸಕ್ಕೆ ಜರ್ಮನ್ ಹಾಕೋ ಬಾಲ ಅದು. ಇಂಗ್ಲಿಷಲ್ಲೂ ಹಾಗೇ ಇದೆ, ವಾಬಲ್, ವ್ಯಾಡಲ್, ವ್ಯಾಗಲ್, ಇನ್ನೊಂದು ಕಡೆ ಟಾಟರ್, ವೇವರ್, ಸ್ಟ್ಯಾಗರ್. ಕನ್ನಡದಲ್ಲಿ ಆ ಕೆಲಸ ಮಾಡೋದು ಆಡು. ತೂರಾಡು, ಓಲಾಡು, ಅಲ್ಲಾಡು, ತೂಗಾಡು, ಜೋಲಾಡು, ಹೊಯ್ದಾಡು. ಮೂರು ಭಾಷೆನೂ ಅಲುಗಾಟಕ್ಕೆ ಬಾಲ ಕಟ್ಟಿವೆ, ಶ್ವಂಕೆನ್‌ಗೂ ವಂಕೆನ್‌ಗೂ ಮಾತ್ರ ಆ ಬಾಲ ಇಲ್ಲ ನೋಡಿ, ಅದಕ್ಕೇ ಶ್ವಂಕೆನ್ನಿನ ಚಲನೆ ಸಣ್ಣ ಕುಲುಕಾಟ ಆಗಲ್ಲ, ದೊಡ್ಡದಾಗಿ ಈ ಕಡೆಯಿಂದ ಆ ಕಡೆಗೆ ವಾಲಿ ಬರೋದು ಅನ್ನೋ ಥರ ಕೇಳತ್ತೆ ಅಂತ ನನ್ನ ಅನಿಸಿಕೆ. ಇನ್ನೊಂದು ತಮಾಷೆ, ಇಂಗ್ಲಿಷಿನ ವಾಬಲ್ ಉತ್ತರ ಜರ್ಮನಿ ಕಡೆಯ ಮಾತಿಂದ ಹೋಗಿದ್ದು ಅಂತಾರೆ, ಆಮೇಲೆ ಜರ್ಮನ್ ರೇಡಿಯೋ ಇಂಜಿನಿಯರ್‌ಗಳು ಅದನ್ನೇ ಇಂಗ್ಲಿಷಿಂದ ವಾಪಸ್ ತಂದು ವೊಬ್ಬೆಲ್ನ್ ಮಾಡ್ಕೊಂಡ್ರು, ನಾವು ಲ್ಯಾಬಲ್ಲಿ ಸ್ವೀಪ್ ಜನರೇಟರ್ ಅನ್ನೋ ಡಬ್ಬ ಅವರಿಗೆ ವೊಬ್ಬೆಲ್‌ಗೆನೆರಾಟೋರ್.

ಟೆಕ್ನಿಕಲ್ ಅನುವಾದಕ್ಕೆ ಬಂದ್ರೆ ಮೇಲಿನ ಪ್ರಶ್ನೆಗಳು ಯಾವುವೂ ಸಾಕಾಗಲ್ಲ. ಅಲ್ಲಿ ಪ್ರತಿ ಕಸುಬಿನವರೂ ತಮ್ಮ ತಮ್ಮ ಪದ ಮೊದಲೇ ಗಟ್ಟಿ ಮಾಡ್ಕೊಂಡಿರ್ತಾರೆ, ಅರ್ಥ ಸರಿ ಇದ್ರೂ ಪದ ತಪ್ಪಾದ್ರೆ ಏನು ಹೇಳ್ತಿದೀರಿ ಅಂತ ಯಾರಿಗೂ ತಿಳಿಯಲ್ಲ. ಕಾರು ತಿರುವಲ್ಲಿ ಒಂದು ಪಕ್ಕಕ್ಕೆ ವಾಲೋದನ್ನ ಜರ್ಮನ್ ಆಟೋಮೊಬೈಲ್ ಇಂಜಿನಿಯರ್‌ಗಳು ವಂಕೆನ್ ಅಂತಾರೆ, ಇಂಗ್ಲಿಷಲ್ಲಿ ಅದು ರೋಲ್, ವಂಕ್‌ವಿಂಕೆಲ್ ಅಂದ್ರೆ ರೋಲ್ ಆಂಗಲ್. ಇದನ್ನ ಟಾಟರಿಂಗ್ ಆಂಗಲ್ ಅಂತ ಮಾಡಿ ಕೊಟ್ರೆ ಟೀಮ್ ಲೀಡ್ ಕರೆದು ಕೂರಿಸ್ತಾನೆ. ಬೆಂಗಳೂರಿಗೆ ಇದು ದೂರದ ವಿಷಯ ಅಲ್ಲ, ಬಾಷ್ ಇಲ್ಲಿಗೆ ಮೈಕೋ ಅನ್ನೋ ಹೆಸರಲ್ಲಿ ಬಂದಿದ್ದು 1951ರಲ್ಲಿ, ಮರ್ಸಿಡಿಸ್‌ನ ರಿಸರ್ಚ್ ಸೆಂಟರ್ ಇಲ್ಲಿದೆ, ಜರ್ಮನ್ ಡಾಕ್ಯುಮೆಂಟ್ ಎದುರಿಗೆ ಇಟ್ಕೊಂಡು ಕೆಲಸ ಮಾಡೋ ಕನ್ನಡದವರು ಬೇಕಾದಷ್ಟಿದಾರೆ. ಹೆಲಿಕಾಪ್ಟರ್ ರೆಕ್ಕೆಗಳ ಓರೆ ಬದಲಾಯಿಸೋ ಬಿಲ್ಲೆ ಜರ್ಮನಲ್ಲಿ ಟೌಮೆಲ್‌ಶೈಬೆ, ಅಕ್ಷರಶಃ ಹೇಳೋದಾದ್ರೆ ತೂರಾಡೋ ಬಿಲ್ಲೆ, ಇಂಗ್ಲಿಷಲ್ಲಿ ಸ್ವಾಶ್‌ಪ್ಲೇಟ್. ಹಳೇ ಕ್ಯಾಸೆಟ್ ಪ್ಲೇಯರಲ್ಲಿ ಮೋಟರ್ ಸಮನಾಗಿ ತಿರುಗದೆ ಹಾಡು ಎಳೆದಾಡ್ತಿತ್ತಲ್ಲ, ಅದು ಜರ್ಮನಲ್ಲಿ ಗ್ಲೈಶ್‌ಲೌಫ್‌ಶ್ವಂಕುಂಗ್ ಅನ್ನೋ ಉದ್ದ ರೈಲು, ಇಂಗ್ಲಿಷಲ್ಲಿ ವಾವ್ ಅಂಡ್ ಫ್ಲಟರ್. ಆಸ್ಟ್ರಿಯಾದಲ್ಲಿ ಎಲೆಕ್ಷನ್ ರಾತ್ರಿ ಟಿವಿಯವರು ಶ್ವಂಕುಂಗ್ಸ್‌ಬ್ರೈಟೆ ಇಷ್ಟು ಅಂತ ಹೇಳ್ತಾ ಇರ್ತಾರೆ, ಅದು ಫ್ಲಕ್ಚುಯೇಷನ್ ವಿಡ್ತ್ ಅಲ್ಲ, ಮಾರ್ಜಿನ್ ಆಫ್ ಎರರ್.

ಭೂಮಿನೂ ಇದರಿಂದ ತಪ್ಪಿಸ್ಕೊಂಡಿಲ್ಲ. 1880ರ ದಶಕದಲ್ಲಿ ಬರ್ಲಿನ್ ವೀಕ್ಷಣಾಲಯದ ಕ್ಯುಸ್ಟ್ನರ್ ನಕ್ಷತ್ರಗಳನ್ನ ಅಳೀತಾ ಇದ್ದಾಗ ಬರ್ಲಿನ್ನಿನ ಅಕ್ಷಾಂಶನೇ ಚೂರು ಚೂರು ಬದಲಾಗ್ತಿರೋದು ಕಂಡ್ರು. ಭೂಮಿ ತನ್ನ ಅಕ್ಷದ ಮೇಲೆ ಸ್ವಲ್ಪ ಅಲ್ಲಾಡ್ತಾ ತಿರುಗ್ತಿತ್ತು. ಜರ್ಮನಲ್ಲಿ ಅದಕ್ಕೆ ಪೋಲ್‌ಹೋಹೆನ್‌ಶ್ವಂಕುಂಗ್ ಅಂದ್ರು, ಇಂಗ್ಲಿಷಲ್ಲಿ ವೇರಿಯೇಷನ್ ಆಫ್ ಲ್ಯಾಟಿಟ್ಯೂಡ್. ಅಮೆರಿಕದ ಸೆತ್ ಚಾಂಡ್ಲರ್ 1891ರಲ್ಲಿ ಈ ಅಲ್ಲಾಟಕ್ಕೆ ಸುಮಾರು 14 ತಿಂಗಳ ಒಂದು ಸುತ್ತು ಇದೆ ಅಂತ ಲೆಕ್ಕ ಹಾಕಿದ್ರು, ಅದು ಈಗ ಚಾಂಡ್ಲರ್ ವಾಬಲ್. ಒಂದೇ ಚಲನೆ, ಇಂಗ್ಲಿಷಲ್ಲಿ ಅಳತೆಯಲ್ಲಿ ಕಂಡಾಗ ವೇರಿಯೇಷನ್, ಗೋಳ ಹೇಗೆ ಅಲ್ಲಾಡತ್ತೆ ಅಂತ ನೋಡಿದಾಗ ವಾಬಲ್.

ಇದೆಲ್ಲಕ್ಕಿಂತ ಜೀವಕ್ಕೆ ಹತ್ತಿರದ ವಿಷಯ ಆಸ್ಪತ್ರೆಯದು. ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಓದಿ ಜರ್ಮನಿಗೆ ಹೋಗೋರಿದಾರೆ, ಅಲ್ಲಿ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕೇಳ್ತಾರೆ. ಅಲ್ಲಿ ಪೇಷೆಂಟ್ ಬಂದು ನಂಗೆ ಶ್ವಿಂಡೆಲ್, ಅಂದ್ರೆ ತಲೆಸುತ್ತು, ಅಂತ ಹೇಳಿದ್ರೆ ಡಾಕ್ಟರ್ ಕೇಳೋ ಮೊದಲ ಪ್ರಶ್ನೆಗಳಲ್ಲಿ ಒಂದು, ಡ್ರೇಶ್ವಿಂಡೆಲ್ಲಾ ಶ್ವಂಕ್‌ಶ್ವಿಂಡೆಲ್ಲಾ. ಡ್ರೇಹೆನ್ ಅಂದ್ರೆ ತಿರುಗೋದು. ಜಾತ್ರೆಯ ತೊಟ್ಟಿಲಲ್ಲಿ ಕೂತು ಇಳಿದ ಹಾಗೆ ಕೋಣೆ ಗಿರ್ರಂತ ಸುತ್ತಿದ್ರೆ ಅದು ಡ್ರೇಶ್ವಿಂಡೆಲ್, ನಮ್ಮ ತಲೆ ಸುತ್ತು ಅನ್ನೋ ಮಾತೇ. ನೆಲ ದೋಣಿಯ ಹಾಗೆ ಆಚೆ ಈಚೆ ಹೋದ ಹಾಗಾಗಿ, ಏನೂ ಸುತ್ತದೆ, ನಿಂತಲ್ಲೇ ವಾಲಿದಂತಾದ್ರೆ ಅದು ಶ್ವಂಕ್‌ಶ್ವಿಂಡೆಲ್. ಈ ಎರಡು ಒಂದೇ ಕಾರಣಕ್ಕೆ ಬರೋದಲ್ಲ, ಕೋಣೆ ಸುತ್ತೋದು ಬಹಳ ಸಲ ಒಳಕಿವಿಯ ತೊಂದರೆ, ಹಾಗಾಗಿ ಪದ ಅದಲು ಬದಲಾದ್ರೆ ಡಾಕ್ಟರ್ ಹುಡುಕೋ ದಿಕ್ಕೇ ಬದಲಾಗಬಹುದು. ಇಂಗ್ಲಿಷಲ್ಲಿ ಡ್ರೇಶ್ವಿಂಡೆಲ್‌ಗೆ ಸ್ಪಿನ್ನಿಂಗ್ ವರ್ಟಿಗೋ ಅಂತ ಸುಲಭವಾಗಿ ಹೇಳ್ತಾರೆ, ಶ್ವಂಕ್‌ಶ್ವಿಂಡೆಲ್‌ಗೆ ಮಾತ್ರ ಬಾಯಿ ಹುಡುಕಬೇಕು, ಸ್ವೇಯಿಂಗ್ ವರ್ಟಿಗೋ ಅಂತಾರೆ, ಅನ್‌ಸ್ಟೆಡಿನೆಸ್ ಅಂತಾರೆ, ಬಹಳಷ್ಟು ಸಲ ಎರಡನ್ನೂ ಸೇರಿಸಿ ಡಿಜ್ಜಿನೆಸ್ ಅಂದು ಕೈ ತೊಳ್ಕೊಳ್ತಾರೆ.

1986ರಲ್ಲಿ ಥೋಮಾಸ್ ಬ್ರಾಂಡ್ಟ್ ಮತ್ತು ಮಾರಿಯಾನೆ ಡೀಟೆರಿಶ್ ಅನ್ನೋ ಇಬ್ಬರು ಜರ್ಮನ್ ನರರೋಗ ತಜ್ಞರು ಒಂದು ತೊಂದರೆಯನ್ನ ವಿವರಿಸಿದ್ರು. ನಿಂತಾಗ, ನಡೆದಾಗ, ಬ್ರಿಡ್ಜ್ ಮೇಲೆ, ಜನಜಂಗುಳಿಯಲ್ಲಿ ಮೈ ವಾಲಿದ ಹಾಗೆ ಅನ್ಸತ್ತೆ, ಈಗ ಬಿದ್ದೆ ಅನ್ನೋ ಭಯ ಆಗತ್ತೆ, ಆದ್ರೆ ಬ್ಯಾಲೆನ್ಸ್ ಟೆಸ್ಟ್ ಮಾಡಿದ್ರೆ ಹೇಳಿಕೊಳ್ಳೋ ದೋಷ ಸಿಗಲ್ಲ. ಜರ್ಮನ್ ಹೆಸರಲ್ಲಿ ಶ್ವಂಕ್‌ಶ್ವಿಂಡೆಲ್ ಇತ್ತು. ಇಂಗ್ಲಿಷಿಗೆ ಬಂದಾಗ ಅದು ಫೋಬಿಕ್ ಪಾಸ್ಚುರಲ್ ವರ್ಟಿಗೋ ಆಯ್ತು. ಏನು ಹೋಯ್ತು ನೋಡಿ, ಜರ್ಮನ್ ಹೆಸರು ಪೇಷೆಂಟಿಗೆ ಏನು ಅನ್ಸತ್ತೆ ಅಂತ ಹೇಳ್ತಿತ್ತು, ಇಂಗ್ಲಿಷ್ ಹೆಸರು ಅದು ಯಾವಾಗ ಬರತ್ತೆ ಅಂತ ಹೇಳತ್ತೆ, ಅಂದ್ರೆ ನೆಟ್ಟಗೆ ನಿಂತಾಗ. ವಾಲಾಟ ಹೋಗಿ ನಿಲುವು ಬಂತು. ಆಮೇಲೆ 2017ರಲ್ಲಿ ಇಂಥವನ್ನೆಲ್ಲ ಸೇರಿಸಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಇನ್ನೂ ಉದ್ದದ ಹೆಸರು ಇಟ್ಟಿದಾರೆ, ಪರ್ಸಿಸ್ಟೆಂಟ್ ಪಾಸ್ಚುರಲ್ ಪರ್ಸೆಪ್ಚುಯಲ್ ಡಿಜ್ಜಿನೆಸ್ ಅಂತ, ಡಾಕ್ಟರ್‌ಗಳು ಅದನ್ನ ಪಿಪಿಪಿಡಿ ಅಂತ ಚುಟುಕು ಮಾಡ್ಕೊಂಡಿದಾರೆ. ಇನ್ನು ಶ್ವಿಂಡೆಲ್ ಅಂದ್ರೆ ತಲೆಸುತ್ತು ಮಾತ್ರ ಅಲ್ಲ, ಮೋಸ ಅಂತಾನೂ ಅರ್ಥ ಇದೆ, ಇಂಗ್ಲಿಷಿನ ಸ್ವಿಂಡ್ಲರ್ 18ನೇ ಶತಮಾನದಲ್ಲಿ ಜರ್ಮನ್ನಿಂದ ಎತ್ಕೊಂಡಿದ್ದು. ವಾರ್ಡಲ್ಲಿ ಅಜ್ಜಿಯೊಬ್ಬರು ಶ್ವಿಂಡೆಲ್ ಅಂತ ಕೂಗಿದ್ರೆ ಯಾರೋ ದುಡ್ಡು ಹೊಡೆದ್ರು ಅಂತ ಓಡಬೇಡಿ.

ಸಾಹಿತ್ಯದಲ್ಲಿ ಈ ಪದಕ್ಕೆ ಸಿಕ್ಕಿರೋ ಜಾಗ ಸಣ್ಣದಲ್ಲ. ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕ ಶುರುವಾಗೋ ಸಾಲಿನಲ್ಲೇ ಶ್ವಂಕೆಂಡೆ ಗೆಶ್ಟಾಲ್ಟೆನ್ ಬರತ್ತೆ, ಅಂದ್ರೆ ಹೊಯ್ದಾಡೋ ಆಕೃತಿಗಳು. ಗಯಟೆ ಆ ಅರ್ಪಣೆಯ ಪದ್ಯ ಬರೆದಿದ್ದು 1797ರಲ್ಲಿ, ಚಿಕ್ಕ ವಯಸ್ಸಲ್ಲಿ ಶುರು ಮಾಡಿ ವರ್ಷಗಟ್ಟಲೆ ಬಿಟ್ಟಿದ್ದ ಕೃತಿಗೆ ಮತ್ತೆ ಕೈ ಹಾಕೋವಾಗ, ಪುಸ್ತಕ ಬಂದಿದ್ದು 1808ರಲ್ಲಿ. ಮತ್ತೆ ಹತ್ತಿರ ಬರ್ತಿದೀರಲ್ಲ ಅಂತ ಆ ಆಕೃತಿಗಳನ್ನ ಮಾತಾಡಿಸ್ತಾನೆ, ಅವು ಅವನ ಹಳೇ ಪಾತ್ರಗಳು, ಇನ್ನೂ ರೂಪ ಗಟ್ಟಿಯಾಗಿಲ್ಲ, ಕಣ್ಣಿಗೆ ನಿಲ್ಲಲ್ಲ. 19ನೇ ಶತಮಾನದ ಅಮೆರಿಕನ್ ಕವಿ ಬೇಯರ್ಡ್ ಟೇಲರ್ ಇದನ್ನ ಹೋವರಿಂಗ್ ಫಾರ್ಮ್ಸ್ ಅಂತ ಮಾಡಿದ. ಕೇಳೋಕೆ ಚೆನ್ನಾಗಿದೆ, ಆದ್ರೆ ಹೋವರ್ ಅಂದ್ರೆ ಗಾಳೀಲಿ ಒಂದೇ ಕಡೆ ತೇಲ್ತಾ ನಿಲ್ಲೋದು, ಗಿಡುಗ ನಿಲ್ಲೋ ಹಾಗೆ, ಅದರಲ್ಲಿ ಅಲ್ಲಾಟನೇ ಇಲ್ಲ, ಬದಲಿಗೆ ದೆವ್ವದ ವಾಸನೆ ಬಂತು. ಸುಮಾರು ತೊಂಬತ್ತು ವರ್ಷ ಆದ ಮೇಲೆ ಜರ್ಮನಿಯಲ್ಲೇ ಹುಟ್ಟಿ ಅಮೆರಿಕದಲ್ಲಿ ಫಿಲಾಸಫಿ ಹೇಳಿಕೊಡ್ತಿದ್ದ ವಾಲ್ಟರ್ ಕೌಫ್‌ಮನ್ ಅದನ್ನ ವೇವರಿಂಗ್ ಶೇಪ್ಸ್ ಮಾಡಿದ್ರು. ನನ್ನ ವೋಟು ಇದಕ್ಕೆ. ವೇವರ್ ಅನ್ನೋದರಲ್ಲಿ ಬಿಸಿಲಲ್ಲಿ ದೂರದ ರಸ್ತೆ ನಡುಗೋ ಥರದ್ದೂ ಇದೆ, ಮನಸ್ಸು ಗಟ್ಟಿಯಿಲ್ಲ ಅನ್ನೋದೂ ಇದೆ, ಶ್ವಂಕೆನ್ನಿನ ಎರಡು ಮುಖ ಒಟ್ಟಿಗೆ ಸಿಗೋ ಇಂಗ್ಲಿಷ್ ಪದ ಅದೊಂದೇ ಇರಬೇಕು.

ಜರ್ಮನ್ ನಾಟಕಕಾರ ಶಿಲ್ಲರ್ ಕೂಡ ಬಿಟ್ಟಿಲ್ಲ. ಮೂವತ್ತು ವರ್ಷಗಳ ಯುದ್ಧದ ಸೇನಾಪತಿ ವಾಲೆನ್‌ಸ್ಟೈನ್, 1634ರಲ್ಲಿ ಕೊಲೆಯಾದವನು, ಅವನ ಮೇಲಿನ ನಾಟಕದ ಮುನ್ನುಡಿಯಲ್ಲಿ ಶಿಲ್ಲರ್ ಹೇಳ್ತಾನೆ, ಮೆಚ್ಚೋ ಪಕ್ಷ ದ್ವೇಷಿಸೋ ಪಕ್ಷ ಎರಡೂ ಸೇರಿ ಗೊಂದಲ ಮಾಡಿದ್ದರಿಂದ ಇತಿಹಾಸದಲ್ಲಿ ಅವನ ಚಿತ್ರ ಶ್ವಂಕ್ಟ್ ಆಗ್ತಿದೆ ಅಂತ. ಜರ್ಮನ್ನರು ಇದನ್ನ ಇವತ್ತಿಗೂ ವಿವಾದದ ರಾಜಕಾರಣಿಗಳ ಬಗ್ಗೆ ಹೇಳ್ತಾರೆ. ಇಂಗ್ಲಿಷಲ್ಲಿ ಏನು ಹಾಕ್ತೀರಿ? ವೇವರ್ ಅಂದ್ರೆ ವಾಲೆನ್‌ಸ್ಟೈನೇ ಹಿಂಜರಿದ ಅನ್ನೋ ಹಾಗಾಗತ್ತೆ, ಫ್ಲಕ್ಚುಯೇಟ್ ಅಂದ್ರೆ ಷೇರು ರೇಟು, ಶಿಫ್ಟ್ ಅಂದ್ರೆ ಪರವಾಗಿಲ್ಲ ಆದ್ರೆ ತೂಗಾಟ ಹೋಯ್ತು. ನಂಗೆ ಪೂರ್ತಿ ಒಪ್ಪಿಗೆಯಾಗೋ ಪದ ಇನ್ನೂ ಕಂಡಿಲ್ಲ.

ಕನ್ನಡ, ಜರ್ಮನ್, ಇಂಗ್ಲಿಷ್ ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಕೊಂಡು ಕೂತಿದ್ದ ಮನುಷ್ಯ ಅಂದ್ರೆ ಫೆರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಇಲ್ಲಿಗೆ ಬಂದ್ರು, 1894ರಲ್ಲಿ ಮಂಗಳೂರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾಯ್ತು. ಅವರ ತಾಯ್ನುಡಿ ಜರ್ಮನ್, ಕನ್ನಡ ಪದಕ್ಕೆ ಅರ್ಥ ಬರೆದಿದ್ದು ಇಂಗ್ಲಿಷಲ್ಲಿ, ನಾವು ಜರ್ಮನ್ ಕಲಿಯೋವಾಗ ಸುತ್ತಿ ಬರೋ ದಾರೀನೇ ಅವರು ಆ ತುದಿಯಿಂದ ನಡೆದಿದ್ದು. ತೂಗು ಅನ್ನೋ ಪದ ಕಂಡಾಗ ಅವರಿಗೆ ಮನೆ ನೆನಪಾಗಿರಬೇಕು ಅಂತ ನನ್ನ ಊಹೆ. ಯಾಕಂದ್ರೆ ನಾವು ತಕ್ಕಡೀಲಿ ಈರುಳ್ಳಿ ತೂಗ್ತೀವಿ, ತೊಟ್ಟಿಲಲ್ಲಿ ಮಗೂನೂ ತೂಗ್ತೀವಿ. ಜರ್ಮನಲ್ಲಿ ಎರಡಕ್ಕೂ ವೀಗೆನ್. ಇಂಗ್ಲಿಷಲ್ಲಿ ಒಂದು ವೇ, ಇನ್ನೊಂದು ರಾಕ್, ಒಂದಕ್ಕೊಂದು ಮುಖ ನೋಡಲ್ಲ. ಜರ್ಮನಲ್ಲೂ ಭೂತಕಾಲಕ್ಕೆ ಹೋದ್ರೆ ಗುಟ್ಟು ಬಿಡತ್ತೆ, ತಕ್ಕಡೀದು ವೋಗ್, ತೊಟ್ಟಿಲದ್ದು ವೀಗ್ಟೆ. ತಾಯಿ ಮಗೂನ ವೋಗ್ ಅಂದ್ರೆ ಎಷ್ಟು ಕಿಲೋ ಅಂತ ಕೇಳಬಹುದು, ವೀಗ್ಟೆ ಅಂದ್ರೆ ಮಲಗ್ತಾ ಅಂತ ಕೇಳಬಹುದು. ಕನ್ನಡದಲ್ಲಿ ಅಮ್ಮ ಮಗೂನ ತೂಗಿದಳು ಅಂದ್ರೆ ಎರಡರಲ್ಲಿ ಯಾವುದು ಅಂತ ಅಮ್ಮನ್ನೇ ಕೇಳಬೇಕು.